ಸಹಾಯ ಬೇಕು: ಪುಂಡಿಪಲ್ಯ ಅವ್ವ ಮಾಡಿದ ಹಾಗೆ ಬರ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಕಲಬುರಗಿಯವರು. ಅವ್ವ ತೀರಿಕೊಂಡ ಮೇಲೆ ಮನೆಯ ಅಡುಗೆ ನನ್ನದೇ. ರೊಟ್ಟಿ ಬಡಿಯುವುದು, ಶೇಂಗಾ ಹಿಂಡಿ ಕುಟ್ಟುವುದು ಕಲಿತೆ. ಪುಂಡಿಪಲ್ಯ (ಹುಳಿ ಇರುವ ಪುಂಡಿ, ಅಂದರೆ ಗೋಂಗುರ ಸೊಪ್ಪಿನ ಪಲ್ಯ) ಮಾತ್ರ ಕೈಗೆ ಹತ್ತುತ್ತಿಲ್ಲ.

ನಾನು ಮಾಡುವುದು ಹೀಗೆ. ಎರಡು ಕಟ್ಟು ಪುಂಡಿ ಸೊಪ್ಪು ಬಿಡಿಸಿ ಹಸಿಮೆಣಸಿನಕಾಯಿ ಜೊತೆ ಕುದಿಸುತ್ತೇನೆ. ಹುಳಿಯಲ್ಲಿ ಬೇಳೆ ಬೇಗ ಬೇಯಲ್ಲ ಅಲ್ವಾ, ಅದಕ್ಕೆ ಅರ್ಧ ವಾಟಿ ತೊಗರಿಬೇಳೆ ಬೇರೆ ಬೇಯಿಸುತ್ತೇನೆ. ಆಮೇಲೆ ಅರ್ಧ ವಾಟಿ ಜೋಳದ ನುಚ್ಚು ಸೇರಿಸಿ, ಕಡಗೋಲಿನಿಂದ ಮಸೆದು, ಶೇಂಗಾ ಎಣ್ಣೆಯಲ್ಲಿ ಬಳ್ಳೊಳ್ಳಿ ಒಗ್ಗರಣೆ. ಬೇಳೆಯ ತಪ್ಪಿರಲಿಕ್ಕಿಲ್ಲ. ಅದು ನಮ್ಮ ಕಲಬುರಗಿಯದೇ ತೊಗರಿ, 2019ರಲ್ಲಿ ಜಿಐ ಟ್ಯಾಗ್ (ಆಯಾ ಊರಿನ ವಿಶೇಷ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕಿದ್ದು.

ಆದರೂ ಹುಳಿ ಜಾಸ್ತಿ, ಹಲ್ಲು ಜುಮ್ಮೆನ್ನುತ್ತದೆ. ನುಚ್ಚು ಒಮ್ಮೆ ಗಂಟು, ಒಮ್ಮೆ ಅರೆಬೆಂದದ್ದು. ಅವ್ವನ ಪಲ್ಯ ಮರುದಿನ ಇನ್ನೂ ರುಚಿ ಇರುತ್ತಿತ್ತು. ನನ್ನದು ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ.

ಸೊಪ್ಪು ಕುದಿಸಿದ ನೀರು ಪೂರ್ತಿ ಬಸಿಯಬೇಕಾ, ಸ್ವಲ್ಪ ಇಟ್ಟುಕೊಳ್ಳಬೇಕಾ? ಕೆಂಪು ದಂಟಿನ ಪುಂಡಿ ಜಾಸ್ತಿ ಹುಳಿ, ಅದನ್ನೇ ತರುತ್ತಿದ್ದೇನೆ. ಬಿಳಿ ದಂಟಿನದಕ್ಕೆ ಬದಲಾಯಿಸಲಾ? ನುಚ್ಚು ನೆನೆಸಿ ಹಾಕಬೇಕಾ, ಎಷ್ಟು ಹೊತ್ತು?

ಆಳಂದ, ಸೇಡಂ, ಚಿತ್ತಾಪುರ ಕಡೆಯ ಅಕ್ಕಂದಿರು, ಅಮ್ಮಂದಿರು ನಿಮ್ಮ ಮನೆಯ ಅಳತೆ ಹೇಳಿ. ಅಪ್ಪ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ರೊಟ್ಟಿ ಮುರಿಯುವಾಗ ತಾಟಿನಲ್ಲಿ ಅದನ್ನೇ ಹುಡುಕುತ್ತಾರೆ. ಈ ಭಾನುವಾರ ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ ಜೊತೆ ಬಡಿಸಬೇಕು ಅಂತಿದ್ದೇನೆ. ಅಷ್ಟರೊಳಗೆ ತಿಳಿಸಿದರೆ ತುಂಬಾ ಉಪಕಾರ.