‘ಕುಲಗೆಡಿಸು’ ಅಂದರೆ ಬೈಗುಳವಾ?

ಪ್ರಶ್ನೆ (ಧಾರವಾಡ):
ನಿನ್ನೆ ಬದನೆಕಾಯಿ ಎಣಗಾಯಿಗೆ ಸ್ವಲ್ಪ ಟೊಮೆಟೊ ಸಾಸ್ ಹಾಕಿದೆ. ಅತ್ತೆ ಒಂದು ತುತ್ತು ತಿಂದು, "ಪಲ್ಯಾ ಪೂರಾ ಕುಲಗೆಡಿಸಿಟ್ಟಿ ನೋಡವಾ" ಅಂದರು. ನಾನು ಮೈಸೂರು ಕಡೆಯವಳು. ಇದು ಬೈಗುಳವಾ, ಸುಮ್ನೆ ಮಾತಾ?

ಗದಗದಿಂದ:
ಬೈಗುಳ ಅಲ್ಲ ಅಕ್ಕಾ, ಹಾಗಂತ ಹೊಗಳಿಕೆಯೂ ಅಲ್ಲ ಬಿಡಿ. ಕುಲ + ಕೆಡಿಸು, ಆದೇಶ ಸಂಧಿಯಲ್ಲಿ ಕ ಹೋಗಿ ಗ ಬಂದಿದೆ. ಮೂಲ ಅರ್ಥ ಕುಲಕ್ಕೆ ಕಳಂಕ ತರುವುದು, ಆದರೆ ನಮ್ಮ ಕಡೆ ಈಗ ಅಡುಗೆ, ಕೆಲಸ, ಹೊಸ ಅಂಗಿ ಏನೇ ಹಾಳಾದರೂ "ಕುಲಗೆಟ್ಟು ಹೋತು" ಅಂತೀವಿ. ತಾನಾಗಿ ಕೆಟ್ಟರೆ ಕುಲಗೆಡು, ಯಾರೋ ಕೆಡಿಸಿದರೆ ಕುಲಗೆಡಿಸು.

ಹಾವೇರಿಯಿಂದ:
ಕಲಬೆರಕೆ ಬೇರೆ, ಇದು ಬೇರೆ. ಬ್ಯಾಡಗಿ ಮೆಣಸಿನಪುಡಿಗೆ ಬಣ್ಣ ಬೆರೆಸಿ ಮಾರಿದರೆ ಕಲಬೆರಕೆ, ಅಲ್ಲಿ ಮೋಸ ಇದೆ. ಅದೇ ಪುಡಿ ಮಳೆಗೆ ನೆನೆದು ಗಂಟು ಕಟ್ಟಿದರೆ ಕುಲಗೆಟ್ಟಿತು, ಅಷ್ಟೇ. ಮನುಷ್ಯರಿಗೆ ಬಳಸುವಾಗ ಮಾತ್ರ ಹುಷಾರು. "ಕುಲಗೆಟ್ಟವ" ಅಂದರೆ ಹುಟ್ಟು ಎತ್ತಿ ಬೈದ ಹಾಗೆ, ಜಗಳ ಗ್ಯಾರಂಟಿ.

ಪ್ರಶ್ನೆ ಕೇಳಿದವರು:
ಅಬ್ಬಾ, ಬೈದಿದ್ದು ಪಲ್ಯಕ್ಕೆ, ನನಗಲ್ಲ ಅಲ್ವಾ! ಸಾಸ್ ಬಾಟಲಿ ಬಚ್ಚಿಟ್ಟಿದ್ದೀನಿ.