ಹೊಸ ರೋಲರ್ ಕೋಸ್ಟರ್‌ನ ಮೊದಲ ಟ್ರೇನ್ ಹಿಡಿಯುವುದು ಹೇಗೆ? ಅನುಭವ ಇರುವವರು ತಿಳಿಸಿ

ಸಾಗರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಸಾಗರದಲ್ಲಿ ಪದವಿ ಓದುತ್ತಿದ್ದೇನೆ. ನನಗೂ ಭದ್ರಾವತಿಯಲ್ಲಿರುವ ನನ್ನ ಅತ್ತೆಯ ಮಗನಿಗೂ ಚಿಕ್ಕಂದಿನಿಂದಲೇ ರೋಲರ್ ಕೋಸ್ಟರ್ ಹುಚ್ಚು. ಮಾರಿಕಾಂಬಾ ಜಾತ್ರೆಗೆ ಬರುವ ಜೈಂಟ್ ವೀಲ್ ಮತ್ತು ಕೊಲಂಬಸ್‌ನಿಂದ ಶುರುವಾದದ್ದು ಬಿಡದಿಯ ವಂಡರ್‌ಲಾದ ರೀಕಾಯ್ಲ್‌ವರೆಗೆ ಬಂದಿದೆ. 2025ರ ಡಿಸೆಂಬರ್‌ನಲ್ಲಿ ಚೆನ್ನೈ ವಂಡರ್‌ಲಾ ತೆರೆದಾಗ ಅಲ್ಲಿನ ತಂಜೋರಾ ಕೋಸ್ಟರ್‌ಗೆ ಮೊದಲ ದಿನವೇ ಹೋಗಬೇಕೆಂದಿದ್ದೆವು, ಇಬ್ಬರಿಗೂ ಪರೀಕ್ಷೆ ಅಡ್ಡ ಬಂತು. ಆ ಹೊಟ್ಟೆಯುರಿಯಲ್ಲಿ ಈಗ ಪಂಥ ಕಟ್ಟಿಕೊಂಡಿದ್ದೇವೆ. ದಕ್ಷಿಣ ಭಾರತದಲ್ಲಿ ಮುಂದೆ ಯಾವ ದೊಡ್ಡ ಕೋಸ್ಟರ್ ತೆರೆದರೂ ಅದರಲ್ಲಿ ಮೊದಲು ಕುಳಿತವನು ಗೆದ್ದಂತೆ, ಸೋತವನು ಗೆದ್ದವನ ಪ್ರಯಾಣದ ಖರ್ಚು ಕೊಡಬೇಕು.

ಸೌದಿ ಅರೇಬಿಯಾದ ಕಿದ್ದಿಯಾದಲ್ಲಿ 195 ಮೀಟರ್ ಎತ್ತರದ ಫಾಲ್ಕನ್ಸ್ ಫ್ಲೈಟ್ ಇದೆಯೆಂದು ಓದಿದಾಗ, ನಮ್ಮ ಜೋಗದ 253 ಮೀಟರ್‌ಗೆ ಇನ್ನೆಷ್ಟು ಬಾಕಿ ಎಂದು ಲೆಕ್ಕ ಹಾಕಿ ಸುಮ್ಮನಾದೆವು. ಅಲ್ಲಿಗೆ ಹೋಗುವ ಶಕ್ತಿ ನಮಗಿಲ್ಲ. ಬೆಂಗಳೂರು, ಚೆನ್ನೈ, ಹೈದರಾಬಾದ್, ಕೊಚ್ಚಿ ಇಷ್ಟೇ ನಮ್ಮ ವ್ಯಾಪ್ತಿ. ಸಾಮಾನ್ಯ ಟಿಕೆಟ್ ಕೊಂಡವನಿಗೆ ಮೊದಲ ಟ್ರೇನ್ ಸಿಗುವುದು ನಿಜಕ್ಕೂ ಸಾಧ್ಯವೇ, ಸಾಲಿನಲ್ಲಿ ಎಲ್ಲಿ ನಿಲ್ಲಬೇಕು, ಮಲೆನಾಡಿನಿಂದ ಹೊರಟವರು ಹೇಗೆ ತಲುಪಬೇಕು ಎಂಬುದನ್ನು ತಿಳಿದವರು ಹೇಳಬೇಕು. ಆಗುಂಬೆ ಘಾಟಿಯ ಬಸ್ಸಿನಲ್ಲಿ ನನಗೆ ವಾಂತಿಯಾಗುತ್ತದೆ, ಅದು ತೊಂದರೆಯೇ? ಹೊಸ ಯಂತ್ರದ ಮೇಲೆ ಮೊದಲು ಕೂರುವುದು ಬೇಡವೆಂದು ಅಮ್ಮ ಹೇಳುತ್ತಿದ್ದಾರೆ, ಅವರಿಗೆ ಏನು ಉತ್ತರ ಕೊಡಲಿ?

ಶಿವಮೊಗ್ಗದ ವಿನೋಬನಗರದಿಂದ

ಉದ್ಘಾಟನೆಗಳಿಗೆ ಹೋಗಿ ಸಾಲಿನಲ್ಲಿ ನಿಂತು ಅಭ್ಯಾಸವಿರುವುದರಿಂದ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ಪಂಥದ ಷರತ್ತಿನಲ್ಲಿ ಒಂದು ದೊಡ್ಡ ಸಡಿಲಿದೆ. ಸಾರ್ವಜನಿಕರಿಗೆ ಬಾಗಿಲು ತೆರೆಯುವ ಹೊತ್ತಿಗೆ ಆ ಕೋಸ್ಟರ್‌ನಲ್ಲಿ ನೂರಾರು ಜನ ಕುಳಿತು ಇಳಿದಿರುತ್ತಾರೆ. ಮೊದಲು ಖಾಲಿ ಟ್ರೇನ್ ಓಡಿಸುತ್ತಾರೆ, ಆಮೇಲೆ ಮನುಷ್ಯಾಕಾರದ ಪ್ಲಾಸ್ಟಿಕ್ ಗೊಂಬೆಗಳಿಗೆ ನೀರು ತುಂಬಿಸಿ ಕೂರಿಸುತ್ತಾರೆ, ಅನಂತರ ಎಂಜಿನಿಯರುಗಳು ಮತ್ತು ಸಿಬ್ಬಂದಿ ಕೂರುತ್ತಾರೆ, ಅವರ ಹಿಂದೆ ಪತ್ರಕರ್ತರು, ವಿಡಿಯೊ ಮಾಡುವವರು, ಆಹ್ವಾನಿತ ಗಣ್ಯರು. ಅಮೆರಿಕದ ಕೆಲವು ಪಾರ್ಕುಗಳಲ್ಲಿ ಮೊದಲ ಸವಾರಿಯ ಆಸನಗಳನ್ನು ದತ್ತಿ ಸಂಸ್ಥೆಗಳ ಸಹಾಯಕ್ಕಾಗಿ ಹರಾಜು ಹಾಕುವ ಪದ್ಧತಿಯೂ ಇದೆ. 1978ರಲ್ಲಿ ಆರಂಭವಾದ ಅಮೆರಿಕನ್ ಕೋಸ್ಟರ್ ಎಂಥೂಸಿಯಾಸ್ಟ್ಸ್ ಎಂಬ ಸಂಘದ ಸದಸ್ಯರಿಗೆ ಪಾರ್ಕುಗಳು ಬೇರೆಯದೇ ಸಮಯ ಮೀಸಲಿಡುವುದುಂಟು. ಇವೆಲ್ಲವೂ ನಿಮ್ಮ ಕೈಗೆ ಸಿಗದವು. ಆದ್ದರಿಂದ 'ಸಾಮಾನ್ಯ ಟಿಕೆಟ್ ಪಡೆದವರಿಗೆ ತೆರೆದ ದಿನ' ಎಂದು ಷರತ್ತನ್ನು ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಇಬ್ಬರಲ್ಲೊಬ್ಬರು ಯಾವುದೋ ಪಾಸ್ ಹಿಡಿದು ಹಿಂದಿನ ದಿನವೇ ಕುಳಿತು ಬಂದಾಗ ಅತ್ತೆಯ ಮನೆಯೊಂದಿಗೆ ಮಾತು ಬಿಡಬೇಕಾಗುತ್ತದೆ.

ಎರಡನೆಯದಾಗಿ, ಪಾರ್ಕಿನ ಹೆಬ್ಬಾಗಿಲಿನಲ್ಲಿ ಮೊದಲಿಗರಾಗುವುದೂ ಕೋಸ್ಟರ್‌ನ ಬಾಗಿಲಿನಲ್ಲಿ ಮೊದಲಿಗರಾಗುವುದೂ ಬೇರೆ ಬೇರೆ. ಟಿಕೆಟನ್ನು ಆನ್‌ಲೈನ್‌ನಲ್ಲೇ ಪಡೆದು, ಕೈಚೀಲವಿಲ್ಲದೆ, ಜೇಬಿನಲ್ಲಿ ಮೊಬೈಲ್ ಮತ್ತು ಗುರುತಿನ ಚೀಟಿ ಮಾತ್ರ ಇಟ್ಟುಕೊಂಡು ಹೋದವನು ತಪಾಸಣೆಯಲ್ಲಿಯೇ ಐವತ್ತು ಜನರನ್ನು ಹಿಂದೆ ಹಾಕುತ್ತಾನೆ, ಏಕೆಂದರೆ ಉಳಿದವರು ತಿಂಡಿಯ ಡಬ್ಬಿ, ಬದಲಿ ಬಟ್ಟೆ, ನೀರಿನ ಬಾಟಲಿ ತೆಗೆದು ತೋರಿಸುತ್ತಿರುತ್ತಾರೆ. ಲಾಕರ್‌ನ ಸಾಲಿನಲ್ಲಿ ನಿಂತರೆ ಆ ದಿನದ ಪಂಥ ಅಲ್ಲಿಗೇ ಮುಗಿಯಿತು. ಪಾರ್ಕಿನ ನಕ್ಷೆಯನ್ನು ಮನೆಯಲ್ಲಿಯೇ ನೋಡಿಕೊಂಡು, ಹೆಬ್ಬಾಗಿಲಿನಿಂದ ಕೋಸ್ಟರ್‌ವರೆಗಿನ ದಾರಿಯನ್ನು ಕಣ್ಣು ಮುಚ್ಚಿ ಹೇಳುವಷ್ಟು ಕಲಿಯಿರಿ. ಓಡಬೇಡಿ, ಬಿರುಸಾಗಿ ನಡೆಯಿರಿ. ಓಡುವವರನ್ನು ಸಿಬ್ಬಂದಿ ತಡೆದು ನಿಲ್ಲಿಸುತ್ತಾರೆ.

ನಾನು ಕಂಡ ಒಂದು ಉದ್ಘಾಟನೆಯಲ್ಲಿ ಪಾರ್ಕ್ ಸಮಯಕ್ಕೆ ಸರಿಯಾಗಿ ತೆರೆಯಿತು, ಕೋಸ್ಟರ್ ಮಾತ್ರ ತೆರೆಯಲಿಲ್ಲ. ಪಾರ್ಕಿನ ಹೆಸರು ಇಲ್ಲಿ ಬೇಡ. 'ತಡವಾಗುತ್ತದೆ, ಬೇರೆ ಆಟಗಳನ್ನು ಆಡಿ ಬನ್ನಿ' ಎಂದು ಸಿಬ್ಬಂದಿ ಹೇಳಿದರು. ಮುಂದೆ ನಿಂತಿದ್ದವರಲ್ಲಿ ಹೆಚ್ಚಿನವರು ಬೇಸರದಿಂದ ವೇವ್ ಪೂಲ್ ಕಡೆಗೆ ಹೋದರು. ಎಲ್ಲಿಗೂ ಹೋಗದೆ ಎದುರಿನ ಐಸ್‌ಕ್ರೀಮ್ ಅಂಗಡಿಯ ನೆರಳಿನಲ್ಲಿ ಕುಳಿತವರಿಗೆ, ಟ್ರೇನ್ ಖಾಲಿ ಓಡುವುದನ್ನೂ ಆಮೇಲೆ ಅದರಲ್ಲಿ ಸಿಬ್ಬಂದಿ ಕೂರುವುದನ್ನೂ ನೋಡುತ್ತಾ, ಬಾಗಿಲು ಯಾವಾಗ ತೆರೆಯಬಹುದೆಂದು ಅಂದಾಜು ಮಾಡುವುದು ಸುಲಭವಾಯಿತು. ಖಾಲಿ ಟ್ರೇನ್ ಬಿಡುವು ಕೊಡದೆ ಸುತ್ತುತ್ತಿದ್ದರೆ ಅಲ್ಲಿಂದ ಕದಲಬೇಡಿ. ಶೌಚಾಲಯದ ಕೆಲಸವನ್ನು ಸಾಲಿಗೆ ಸೇರುವ ಮೊದಲೇ ಮುಗಿಸಿ, ಏಕೆಂದರೆ ಹೊರಗೆ ಹೋದವರಿಗೆ ಹಳೆಯ ಜಾಗ ಮರಳಿ ಕೊಡದ ಪಾರ್ಕುಗಳೇ ಹೆಚ್ಚು.

ಲೆಕ್ಕವನ್ನೂ ತಿಳಿದಿರಿ. ನೀವು ಕುಳಿತಿರುವ ರೀಕಾಯ್ಲ್ ವೆಕೋಮಾ ಕಂಪನಿಯ ಬೂಮರಾಂಗ್ ಮಾದರಿಯದು. ಅದರಲ್ಲಿ ಓಡುವುದು 28 ಆಸನಗಳ ಒಂದೇ ಟ್ರೇನ್. ಎರಡೂವರೆ ನಿಮಿಷಕ್ಕೊಂದು ಸವಾರಿ ಎಂದುಕೊಂಡರೂ ಗಂಟೆಗೆ 672 ಜನ. ಅಂದರೆ ಸಾಲಿನಲ್ಲಿ ಇನ್ನೂರನೆಯವರಾದರೆ ಎಂಟನೇ ಸವಾರಿ. ಉದ್ಘಾಟನೆಯ ದಿನ ಸಿಬ್ಬಂದಿಗೂ ಕೆಲಸ ಹೊಸದಾದ್ದರಿಂದ ಇದರ ಅರ್ಧ ವೇಗವನ್ನಷ್ಟೇ ನಿರೀಕ್ಷಿಸಿ. ಎರಡು ಟ್ರೇನ್‌ಗಳ ದೊಡ್ಡ ಕೋಸ್ಟರ್ ಆದರೂ ಮೊದಲ ದಿನ ಒಂದನ್ನೇ ಓಡಿಸಬಹುದು. ಮೊದಲ ಟ್ರೇನ್‌ಗೆ ಬೇಕಾಗಿರುವುದು ಸಾಲಿನ ಮೊದಲ ಇಪ್ಪತ್ತೈದರೊಳಗಿನ ಸ್ಥಾನ, ಅದಕ್ಕಿಂತ ಹಿಂದಿದ್ದರೆ ತಳ್ಳಾಟದಿಂದ ಏನೂ ದಕ್ಕುವುದಿಲ್ಲ.

ಭದ್ರಾವತಿಯಿಂದ

ನಾನು ಕಾರ್ಖಾನೆಯಲ್ಲಿ ಯಂತ್ರಗಳ ನಿರ್ವಹಣೆ ನೋಡಿಕೊಳ್ಳುತ್ತಿದ್ದು ನಿವೃತ್ತನಾದವನು. ಮಕ್ಕಳ ಜೊತೆಗೆ ಕೋಸ್ಟರ್ ಹತ್ತಿದ್ದೇನೆ, ಆದರೆ ನನ್ನ ಆಸಕ್ತಿ ಹಳಿಯ ಕೆಳಗಿನದು. ಹುಡುಗನ ತಾಯಿಯವರ ಪ್ರಶ್ನೆಗೆ ಉತ್ತರ ಹೇಳಬೇಕೆನಿಸಿತು.

ಅಮ್ಮಾ, ಟ್ರೇನ್ ಹಳಿ ಬಿಟ್ಟು ಹಾರಿಹೋಗುತ್ತದೆಂಬ ಹೆದರಿಕೆ ಬೇಡ. ಹಳಿಯ ಮೇಲೆ ಓಡುವ ಗಾಲಿಗಳಲ್ಲದೆ ಪಕ್ಕದಿಂದ ಒತ್ತುವ ಗಾಲಿಗಳೂ ಅಡಿಯಿಂದ ಹಿಡಿದಿರುವ ಗಾಲಿಗಳೂ ಇರುತ್ತವೆ. ಅಡಿಯ ಗಾಲಿಗೆ ಜಾನ್ ಮಿಲ್ಲರ್ ಎಂಬ ಎಂಜಿನಿಯರ್ 1919ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಸರಪಳಿಯಿಂದ ಮೇಲಕ್ಕೆ ಏರುವಾಗ ಕೇಳುವ ಕಟಕಟ ಸದ್ದಿಗೆ ಎಷ್ಟೋ ಜನ ಕಂಗಾಲಾಗುತ್ತಾರೆ. ಸರಪಳಿ ತುಂಡಾದರೂ ಟ್ರೇನ್ ಹಿಂದಕ್ಕೆ ಜಾರದಂತೆ ತಡೆಯುವ ಕೊಂಡಿ ಒಂದೊಂದೇ ಹಲ್ಲನ್ನು ದಾಟುವ ಸದ್ದು ಅದು. ಇಡೀ ದಾರಿಯನ್ನು ವಿಭಾಗಗಳಾಗಿ ಹಂಚಿ, ಮುಂದಿನ ವಿಭಾಗ ಖಾಲಿಯೆಂದು ಸೆನ್ಸರ್‌ಗಳು ಹೇಳುವವರೆಗೆ ಹಿಂದಿನ ಟ್ರೇನನ್ನು ಕಂಪ್ಯೂಟರ್ ಬಿಡುವುದಿಲ್ಲ. ಹೊಸ ಯಂತ್ರದಲ್ಲಿ ಈ ಸೆನ್ಸರ್‌ಗಳು ಸಣ್ಣ ಅನುಮಾನಕ್ಕೂ ಎಲ್ಲವನ್ನೂ ನಿಲ್ಲಿಸಿಬಿಡುತ್ತವೆ. ಹಾಗೆ ನಿಂತಾಗ ಜನ ಕೂಗಾಡುತ್ತಾರೆ, ಸಿಬ್ಬಂದಿಗೆ ಬೈಯುತ್ತಾರೆ. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ 2015ರ ಜೂನ್‌ನಲ್ಲಿ ದಿ ಸ್ಮೈಲರ್ ಎಂಬ ಕೋಸ್ಟರ್‌ನ ಕಂಪ್ಯೂಟರ್ ತಡೆದು ನಿಲ್ಲಿಸಿದ್ದ ಟ್ರೇನನ್ನು, ತಡೆ ತಪ್ಪೆಂದು ಭಾವಿಸಿ ಸಿಬ್ಬಂದಿ ಬಿಟ್ಟದ್ದರಿಂದ, ಅದು ಹಳಿಯ ಮೇಲೆ ಖಾಲಿ ನಿಂತಿದ್ದ ಟ್ರೇನಿಗೆ ಬಡಿದು ಹಲವರು ಗಂಭೀರವಾಗಿ ಗಾಯಗೊಂಡರು. ಆದ್ದರಿಂದ ಉದ್ಘಾಟನೆಯ ದಿನ ಯಂತ್ರ ನಿಂತರೆ ನಿಲ್ಲಲಿ, ಅವಸರ ಮಾಡಿಸುವವರ ಗುಂಪಿನಲ್ಲಿ ಮಗ ಇರದಿದ್ದರೆ ಸಾಕು.

ಇನ್ನು ಪಂಥದ ಬಗ್ಗೆ ನನ್ನ ಅಭಿಪ್ರಾಯ ವಿನೋಬನಗರದವರಿಗಿಂತ ಬೇರೆ. ಮೊದಲ ಟ್ರೇನ್ ಎಂಬುದು ಆ ಕೋಸ್ಟರ್‌ನ ಅತ್ಯಂತ ಸಪ್ಪೆ ಸವಾರಿ. ಬೆಳಿಗ್ಗೆ ಬೇರಿಂಗ್‌ನ ಗ್ರೀಸ್ ಗಟ್ಟಿಯಾಗಿರುತ್ತದೆ, ಗಾಲಿಯ ಪಾಲಿಯುರೆಥೇನ್ ತಣ್ಣಗಿರುತ್ತದೆ. ನಾಲ್ಕಾರು ಗಂಟೆ ಓಡಿದ ಮೇಲೆ ಎಲ್ಲವೂ ಬಿಸಿಯಾಗಿ ಅದೇ ಟ್ರೇನ್ ಅದೇ ಇಳಿಜಾರಿನಲ್ಲಿ ಹೆಚ್ಚು ವೇಗ ಪಡೆಯುತ್ತದೆ. ಹೊಸ ಕೋಸ್ಟರ್‌ನ ಬೇರಿಂಗ್‌ಗಳು ಹದಕ್ಕೆ ಬರಲು ವಾರಗಳೇ ಬೇಕು. ಅಷ್ಟೇ ಅಲ್ಲ, ತೆರೆದ ದಿನ ಇದ್ದದ್ದು ಮರುವಾರ ಇರುತ್ತದೆಂಬ ಖಾತರಿಯೂ ಇಲ್ಲ. ಅಮೆರಿಕದ ಸೀಡರ್ ಪಾಯಿಂಟ್‌ನಲ್ಲಿ ಟಾಪ್ ಥ್ರಿಲ್ 2 ಎಂಬುದು 2024ರ ಮೇ 4ರಂದು ತೆರೆದು, ಒಂದು ವಾರದ ಚಿಲ್ಲರೆ ದಿನಗಳಲ್ಲಿ ನಿಂತುಹೋಗಿ, ಆ ವರ್ಷವಿಡೀ ಮತ್ತೆ ತೆರೆಯಲಿಲ್ಲ. ಅದೇ ತಿಂಗಳು ಇಂಗ್ಲೆಂಡಿನ ಥಾರ್ಪ್ ಪಾರ್ಕ್‌ನಲ್ಲಿ ತೆರೆದ 72 ಮೀಟರ್ ಎತ್ತರದ ಹೈಪೀರಿಯಾ ಕೂಡ ತೆರೆದ ಬೆನ್ನಿಗೇ ಕೆಲವು ದಿನ ಮುಚ್ಚಿತ್ತು. ಪಂಥಕ್ಕೆ ಬೆಳಿಗ್ಗೆ ಒಮ್ಮೆ ಕೂರಿ, ಸುಖಕ್ಕೆ ಸಂಜೆ ಹಿಂದಿನ ಸಾಲಿನಲ್ಲಿ ಇನ್ನೊಮ್ಮೆ ಕೂರಿ. ಇಳಿಜಾರಿನ ನೆತ್ತಿಯನ್ನು ಹಿಂದಿನ ಸಾಲು ದಾಟುವಾಗ ಮುಂದಿನ ಬೋಗಿಗಳು ಆಗಲೇ ಕೆಳಗೆ ಧಾವಿಸುತ್ತಿರುವುದರಿಂದ, ಆಸನದಿಂದ ಮೈ ಎದ್ದುಹೋಗುವ ಅನುಭವ ಅಲ್ಲಿಯೇ ಹೆಚ್ಚು.

ಕೊಪ್ಪದಿಂದ

ನಾನು ದಾದಿಯಾಗಿ ಕೆಲಸ ಮಾಡುತ್ತಿದ್ದೇನೆ. ಆಗುಂಬೆಯ 14 ತಿರುವುಗಳಲ್ಲಿ ವಾಂತಿಯಾಗುವವರು ಕೋಸ್ಟರ್‌ನಲ್ಲೂ ವಾಂತಿ ಮಾಡಿಕೊಳ್ಳುತ್ತಾರೆ ಎನ್ನುವಂತಿಲ್ಲ. ಘಾಟಿಯ ಬಸ್ಸಿನಲ್ಲಿ ಅರ್ಧ ಗಂಟೆ ತಿರುಗುತ್ತಲೇ ಇರುತ್ತೇವೆ, ಜೊತೆಗೆ ಡೀಸೆಲ್ ವಾಸನೆ, ಮುಚ್ಚಿದ ಕಿಟಕಿ. ಕೋಸ್ಟರ್ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ ಮತ್ತು ದಾರಿ ಕಣ್ಣೆದುರಿಗೇ ಇರುತ್ತದೆ. ಕಣ್ಣು ಮುಚ್ಚದೆ, ತಲೆಯನ್ನು ಆಸನಕ್ಕೆ ಒರಗಿಸಿ, ಮುಂದಿನ ಹಳಿಯನ್ನೇ ನೋಡಿ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವಷ್ಟು ಕಡುಬು ತಿಂದು ಹೋಗುವುದೂ ಬೇಡ. ಎರಡು ಇಡ್ಲಿ ಸಾಕು. ವಾಂತಿ ತಡೆಯುವ ಮಾತ್ರೆಗಳು ನಿದ್ದೆ ತರುವುದರಿಂದ ವೈದ್ಯರನ್ನು ಕೇಳದೆ ನುಂಗಬೇಡಿ. ರಕ್ತದೊತ್ತಡ, ಹೃದಯದ ತೊಂದರೆ, ಬೆನ್ನು ಅಥವಾ ಕುತ್ತಿಗೆ ನೋವು ಇದ್ದವರಿಗೆ ಪಂಥದ ಮಾತೇ ಬೇಡ.

ತೀರ್ಥಹಳ್ಳಿಯಿಂದ

ಪ್ರಯಾಣದ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಕಡೆಯವರ ಸೋಲು ಗೆಲುವು ಅಲ್ಲಿಯೇ ತೀರ್ಮಾನವಾಗುತ್ತದೆ. ಕೋಸ್ಟರ್ ಬಿಡದಿಯದಾದರೆ ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರಾತ್ರಿ ರೈಲೇ ಸರಿ. ಅದು ಸಾಗರ ಜಂಬಗಾರು, ಶಿವಮೊಗ್ಗ, ಭದ್ರಾವತಿ ದಾಟಿ ಬೆಳಗಿನ ಜಾವ ಬೆಂಗಳೂರು ಸೇರುತ್ತದೆ. ಹೀಗಾಗಿ ನೀವು ಹತ್ತಿದ ರೈಲಿಗೇ ನಿಮ್ಮ ಎದುರಾಳಿಯೂ ಮುಂದೆ ಹತ್ತುವ ಸಂಭವ ಜಾಸ್ತಿ. ಮೆಜೆಸ್ಟಿಕ್‌ನಿಂದ ನೇರಳೆ ಮೆಟ್ರೊ ಚಲ್ಲಘಟ್ಟದವರೆಗೆ ಇದೆ, ಅಲ್ಲಿಂದ ಮೈಸೂರು ರಸ್ತೆಯ ಬಸ್ಸು ಅಥವಾ ಆಟೊ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, ಆದರೆ ಪಾರ್ಕುಗಳು ತಾರೀಖನ್ನು ಅಷ್ಟು ಮುಂಚೆ ಹೇಳುವುದು ಅಪರೂಪ, ಹೇಳಿದ ತಾರೀಖು ಮುಂದಕ್ಕೆ ಹೋಗುವುದು ಸಾಮಾನ್ಯ. ಹಾಗಾಗಿ ತತ್ಕಾಲ್‌ಗೆ ಸಿದ್ಧರಾಗಿರಿ. ಹೊರಡುವ ಹಿಂದಿನ ದಿನ ಎಸಿ ದರ್ಜೆಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಪಾರ್ಕಿನ ಟಿಕೆಟ್ ಕೊಳ್ಳುವಾಗ ದಿನ ಬದಲಾಯಿಸಲು ಅವಕಾಶವಿದೆಯೇ ಎಂಬುದನ್ನು ಓದಿ.

ಚೆನ್ನೈ ಆದರೆ ಹಿಂದಿನ ದಿನವೇ ತಲುಪಿ ಅಲ್ಲಿಯೇ ಉಳಿಯಬೇಕು, ಬೇರೆ ದಾರಿಯಿಲ್ಲ. ಒಂದು ವಿಷಯ ಮಾತ್ರ ನಮ್ಮವರಿಗೆ ಮರೆತುಹೋಗುತ್ತದೆ. ನಮಗೆ ಮಳೆಗಾಲ ಎಂದರೆ ಜೂನ್‌ನಿಂದ ಸೆಪ್ಟೆಂಬರ್, ಚೆನ್ನೈಗೆ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನಮ್ಮಲ್ಲಿ ಅಡಿಕೆ ಕೊಯ್ಲಿನ ಬಿಸಿಲಿದೆಯೆಂದು ಹೊರಟು, ಅಲ್ಲಿ ಗುಡುಗು ಮಿಂಚಿಗೆ ಕೋಸ್ಟರ್ ನಿಲ್ಲಿಸಿದ್ದನ್ನು ನೋಡುತ್ತಾ ನಿಲ್ಲಬೇಕಾದೀತು. ತುಂತುರು ಮಳೆಗೆ ನಿಲ್ಲಿಸದ ಪಾರ್ಕುಗಳಿವೆ, ಮಿಂಚಿಗೆ ಮಾತ್ರ ಎಲ್ಲರೂ ನಿಲ್ಲಿಸುತ್ತಾರೆ.

ಸಾಗರದಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಭದ್ರಾವತಿಯ ಹಿರಿಯರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಗಾಲಿಗಳ ಮಾತು ಒಪ್ಪಿದರು, ಖರ್ಚಿನ ಮಾತು ಇನ್ನೂ ಒಪ್ಪಿಲ್ಲ. ಇನ್ನೊಂದು ಅನುಮಾನ ಉಳಿದಿದೆ. ಒಬ್ಬನೇ ಹೋದರೆ ಲಾಭವೋ, ಗೆಳೆಯರೊಂದಿಗೆ ಹೋದರೆ ಲಾಭವೋ? ನಾವಿಬ್ಬರೂ ಒಂದೇ ಟ್ರೇನಿನಲ್ಲಿ ಕುಳಿತರೆ ಗೆದ್ದವರು ಯಾರು?

ವಿನೋಬನಗರದಿಂದ ಮತ್ತೆ

ಒಬ್ಬರೇ ಹೋಗಿ. ನಾಲ್ಕು ಜನರ ಸಾಲಿನಲ್ಲಿ ಮೂವರ ಗುಂಪು ಕುಳಿತಾಗ ಉಳಿಯುವ ಒಂದು ಆಸನಕ್ಕೆ 'ಒಬ್ಬರೇ ಯಾರಿದ್ದೀರಿ' ಎಂದು ಸಿಬ್ಬಂದಿ ಕೂಗುತ್ತಾರೆ, ಆಗ ಕೈಯೆತ್ತಿದವನು ತನ್ನ ಮುಂದಿದ್ದ ಹಲವರನ್ನು ನ್ಯಾಯವಾಗಿಯೇ ದಾಟುತ್ತಾನೆ. ಗೆಳೆಯರಿಗೆ ಜಾಗ ಹಿಡಿದುಕೊಳ್ಳುವ, ಬೇಲಿ ಹಾರಿ ಬಂದು ಸೇರಿಕೊಳ್ಳುವ ಉಪಾಯಗಳನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಸಾಲಿನಿಂದ ಹೊರಗೆ ಹಾಕುತ್ತಾರೆ.

ಒಂದೇ ಟ್ರೇನ್ ಆದರೆ ಮುಂದಿನ ಸಾಲಿನಲ್ಲಿ ಇದ್ದವನು ಗೆದ್ದಂತೆ ಎಂದು ಬರೆದುಕೊಳ್ಳಿ. ಸಾಲನ್ನು ಸಿಬ್ಬಂದಿಯೇ ಹಂಚುವ ಪಾರ್ಕಾದರೆ ಅದು ಅದೃಷ್ಟದ ಮಾತಾಗುವುದರಿಂದ, ಅಂಥ ಕಡೆ ಒಂದೇ ಟ್ರೇನ್ ಎಂದರೆ ಸಮ, ಖರ್ಚು ಅವರವರದು ಎಂದು ಇನ್ನೊಂದು ಸಾಲನ್ನೂ ಸೇರಿಸಿ. ಟ್ರೇನ್ ಅರ್ಧ ದಾರಿಯಲ್ಲಿ ನಿಂತು ನಿಮ್ಮನ್ನು ಮೆಟ್ಟಿಲಿನಿಂದ ಇಳಿಸಿಕೊಂಡರೆ ಆ ಸವಾರಿ ಲೆಕ್ಕಕ್ಕಿಲ್ಲ. ಇದನ್ನು ಈಗಲೇ ಒಪ್ಪಿಕೊಳ್ಳದಿದ್ದರೆ, ಹೊಸ ಕೋಸ್ಟರ್‌ನ ಮೊದಲ ದಿನ ಹೀಗಾಗುವುದು ಅಪರೂಪವಲ್ಲವಾದ್ದರಿಂದ, ಜಗಳ ಖಂಡಿತ.