ಯಕ್ಷಗಾನ ವಿಡಿಯೊ ರೆಂಡರ್ ತುಂಬಾ ನಿಧಾನ, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿ ಆಗುತ್ತದಾ?

ಬ್ರಹ್ಮಾವರ_ಎಡಿಟರ್:
ಮದುವೆ ಮತ್ತು ಯಕ್ಷಗಾನ ಶೂಟ್ ಮಾಡುತ್ತೇನೆ. ಕಾಲಮಿತಿ ಆಟ ಅಂದರೂ ಮೂರು ಗಂಟೆಗೆ ಕಮ್ಮಿ ಇಲ್ಲ, ಅದೂ ಎರಡು ಕ್ಯಾಮೆರಾ, ಎರಡರಲ್ಲೂ 4ಕೆ ಎಚ್.265 (ವಿಡಿಯೊ ಒತ್ತಿ ಫೈಲ್ ಚಿಕ್ಕದು ಮಾಡುವ ವಿಧಾನ), 4:2:2 10 ಬಿಟ್ (ಬಣ್ಣದ ವಿವರ ಜಾಸ್ತಿ ಇರುವ ಮೋಡ್). ಸಿಸ್ಟಮ್ ಐ5-12400ಎಫ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1650. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಪ್ಲೇ ಮಾಡಿದರೆ ಚೆಂಡೆ ಕೇಳಿಸುತ್ತಲೇ ಇರುತ್ತದೆ, ವೇಷ ಮಾತ್ರ ನಿಂತಲ್ಲೇ ನಿಂತಿರುತ್ತದೆ. ರಾತ್ರಿ ಎಕ್ಸ್‌ಪೋರ್ಟ್‌ಗೆ ಇಟ್ಟರೆ ಬೆಳಿಗ್ಗೆಯೂ ಮುಗಿದಿರುವುದಿಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಮಂಗಳೂರಿನ ಒಂದು ಅಂಗಡಿಯವರು 4060 ಹಾಕಿ, ಎಲ್ಲ ಸರಿ ಆಗುತ್ತದೆ ಎಂದರು. ಹಾಕಲಾ?

ಕಟಪಾಡಿ_ಕಟ್ಸ್:
ಸ್ವಲ್ಪ ನಿಲ್ಲಿ ಮಾರಾಯ್ರೆ, ದುಡ್ಡು ಕೊಡುವ ಮೊದಲು ಒಂದು ನೋಡಿ. ಟೈಮ್‌ಲೈನ್ ಪ್ಲೇ ಮಾಡುತ್ತಾ ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಪುಟ ತೆರೆಯಿರಿ, ಅಲ್ಲಿ ವಿಡಿಯೊ ಡಿಕೋಡ್ (ವಿಡಿಯೊ ಫೈಲ್ ಬಿಚ್ಚುವ ಕೆಲಸ) ಅಂತ ಒಂದು ಗ್ರಾಫ್ ಉಂಟು. ಅದು ಏಳುತ್ತದಾ? ಎಕ್ಸ್‌ಪೋರ್ಟ್‌ನಲ್ಲಿ ಹಾರ್ಡ್‌ವೇರ್ ಎನ್‌ಕೋಡಿಂಗ್ (ಹೊಸ ಫೈಲ್ ಮಾಡುವ ಕೆಲಸ ಕಾರ್ಡ್‌ಗೆ ಕೊಡುವುದು) ಆನ್ ಇದೆಯಾ ಅಂತಲೂ ನೋಡಿ.

ಬ್ರಹ್ಮಾವರ_ಎಡಿಟರ್:
ಹಾರ್ಡ್‌ವೇರ್ ಎನ್‌ಕೋಡಿಂಗ್ ಆನ್ ಇದೆ. ಡಿಕೋಡ್ ಗ್ರಾಫ್ ಸೊನ್ನೆಯಿಂದ ಏಳುವುದೇ ಇಲ್ಲ, ಸಿಪಿಯು ಮಾತ್ರ 100.

ಕಟಪಾಡಿ_ಕಟ್ಸ್:
ಹಾಗಾದರೆ 4060 ಬೇಡ. ರೆಂಡರ್ ಅಂದರೆ ಒಂದೇ ಕೆಲಸ ಅಲ್ಲ. ಮೊದಲು ಕ್ಯಾಮೆರಾ ಫೈಲ್ ಬಿಚ್ಚಬೇಕು, ಆಮೇಲೆ ಕಲರ್, ಎಫೆಕ್ಟ್, ಕೊನೆಗೆ ಹೊಸ ಫೈಲ್ ಮಾಡಬೇಕು. ನಿಮ್ಮದು ಬಿಚ್ಚುವಲ್ಲೇ ಸಿಕ್ಕಿಹಾಕಿಕೊಂಡಿದೆ. ಎನ್‌ವಿಡಿಯಾದ 30, 40 ಸರಣಿಯ ಕಾರ್ಡ್‌ಗಳಿಗೂ 4:2:2 ಡಿಕೋಡ್ ಮಾಡಲು ಬರುವುದಿಲ್ಲ, 50 ಸರಣಿಯಲ್ಲೇ ಅದು ಬಂದದ್ದು. 4060 ಹಾಕಿದರೂ ಆ ಭಾರವೆಲ್ಲ ಸಿಪಿಯು ಮೇಲೆಯೇ ಬೀಳುತ್ತದೆ.

ಇಂಟೆಲ್ ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿರುವ ವಿಡಿಯೊ ಭಾಗ ಕ್ವಿಕ್ ಸಿಂಕ್‌ಗೆ ಎಚ್.265 4:2:2 ಬಿಚ್ಚಲು ಬರುತ್ತದೆ, 11ನೇ ತಲೆಮಾರಿನಿಂದಲೇ. ಆದರೆ ನಿಮ್ಮ ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಇದೆ ಅಲ್ವಾ, ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ, ಕ್ವಿಕ್ ಸಿಂಕೂ ಇಲ್ಲ. ಎಫ್ ಇಲ್ಲದ 12400 ಅದೇ ಬೋರ್ಡ್‌ಗೆ ಕೂರುತ್ತದೆ. ಹಳೆಯದನ್ನು ಮಾರಿ ಅದನ್ನು ಹಾಕಿ, ಬಯೋಸ್‌ನಲ್ಲಿ ಒಳಗಿನ ಗ್ರಾಫಿಕ್ಸ್ ಆನ್ ಮಾಡಿ. ಕಾರ್ಡ್‌ಗಿಂತ ಎಷ್ಟೋ ಕಡಿಮೆಗೆ ಮುಗಿಯುತ್ತದೆ.

ಮಣಿಪಾಲ_ಫ್ರೇಮ್ಸ್:
ಅವರು ಹೇಳಿದ್ದು ಸರಿ, ಆದರೆ ಕಾರ್ಡ್ ಲೆಕ್ಕಕ್ಕೇ ಇಲ್ಲ ಅನ್ನಬೇಡಿ. ಬಯಲಾಟದಲ್ಲಿ ಬೆಳಕು ಕಮ್ಮಿ, ಐಎಸ್‌ಒ (ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ) ಏರಿಸಿದರೆ ಕಪ್ಪು ಪರದೆ ಮೇಲೆಲ್ಲ ಗ್ರೇನ್ ಚುಕ್ಕಿ. ನಾನು ರಿಸಾಲ್ವ್ ಸ್ಟುಡಿಯೊ ಸಾಫ್ಟ್‌ವೇರ್‌ನಲ್ಲಿ ಆ ಗ್ರೇನ್ ತೆಗೆಯುವ ನಾಯ್ಸ್ ರಿಡಕ್ಷನ್ ಹಾಕುತ್ತೇನೆ, ಆ ಕೆಲಸ ಪೂರ್ತಿ ಕಾರ್ಡ್‌ನದ್ದೇ. 4ಕೆಯಲ್ಲಿ 1650ರ 4 ಜಿಬಿ ಮೆಮೊರಿ ಸಾಕಾಗುವುದೇ ಇಲ್ಲ, ಮೆಮೊರಿ ಫುಲ್ ಅಂತ ಎರರ್ ಕೊಟ್ಟು ನಿಲ್ಲುತ್ತದೆ. ಅಂಥ ಕೆಲಸ ಜಾಸ್ತಿ ಇದ್ದರೆ ಮೆಮೊರಿ ಜಾಸ್ತಿ ಇರುವ 50 ಸರಣಿಯ ಕಾರ್ಡ್‌ಗೇ ದುಡ್ಡು ಕೂಡಿಡಿ, ಎರಡೂ ತೊಂದರೆ ಒಟ್ಟಿಗೆ ಹೋಗುತ್ತದೆ.

ಕಟಪಾಡಿ_ಕಟ್ಸ್:
ಹೌದು, ನಾಯ್ಸ್ ರಿಡಕ್ಷನ್ ಇದ್ದರೆ ಆ ಮಾತು ಬೇರೆ. ಇನ್ನೊಂದು, ಮುಂದಿನ ಆಟಕ್ಕೆ ಕ್ಯಾಮೆರಾದಲ್ಲಿ 4:2:0 10 ಬಿಟ್ (ಬಣ್ಣದ ವಿವರ ಸ್ವಲ್ಪ ಕಮ್ಮಿ ಇರುವ ಮೋಡ್) ಇಟ್ಟು ನೋಡಿ. ಅದನ್ನು ನಿಮ್ಮ 1650 ಕೂಡ ಬಿಚ್ಚುತ್ತದೆ. ಗ್ರೀನ್ ಸ್ಕ್ರೀನ್ ಕೆಲಸ ಇಲ್ಲದಿದ್ದರೆ ಯೂಟ್ಯೂಬ್‌ಗೆ ಅಷ್ಟೇ ಸಾಕು. ಈಗ ಕೈಯಲ್ಲಿರುವ ಫೂಟೇಜ್‌ಗೆ ಪ್ರಾಕ್ಸಿ (ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ಪ್ರತಿ) ಮಾಡಿಕೊಳ್ಳಿ, ಕಟ್ಟಿಂಗ್ ಆದರೂ ಸಲೀಸಾಗುತ್ತದೆ. ಎಕ್ಸ್‌ಪೋರ್ಟ್ ಮಾತ್ರ ಅಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ.

ಬ್ರಹ್ಮಾವರ_ಎಡಿಟರ್:
ನನಗೆ ನಾಯ್ಸ್ ರಿಡಕ್ಷನ್ ಅಪರೂಪ. ಶನಿವಾರದ ಆಟಕ್ಕೆ 4:2:0 ಇಡುತ್ತೇನೆ. ಎಫ್ ಇಲ್ಲದ 12400 ಸೆಕೆಂಡ್‌ಹ್ಯಾಂಡ್ ಉಡುಪಿ ಕಡೆ ಯಾರಲ್ಲಾದರೂ ಉಂಟಾ?